ಐದು ಮನೆ, ಎರಡು ಸುಳಿವು: ಇಂಗ್ಲಿಷ್ ಪದ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಬೆಳಿಗ್ಗೆ ಎರಡು ಥರದ ಸಂದೇಶ ಬರುತ್ತವೆ. ಒಂದು, ದೇವರ ಫೋಟೋ ಜತೆಗೆ ಶುಭೋದಯ. ಇನ್ನೊಂದು, ಹಸಿರು, ಹಳದಿ, ಬೂದು ಚೌಕಗಳ ಸಾಲು. ಡೊಂಬಿವಿಲಿಯಿಂದ ಹೊರಟ ಲೋಕಲ್ ಘಾಟ್ಕೋಪರ್ ದಾಟುವಷ್ಟರಲ್ಲಿ ಅದಕ್ಕೆ ಉತ್ತರವಾಗಿ ಇನ್ನಷ್ಟು ಚೌಕಗಳು ಬಂದು ಬೀಳುತ್ತವೆ. ಆಟದ ಹೆಸರು ವರ್ಡಲ್. ಐದಕ್ಷರದ ಒಂದು ಇಂಗ್ಲಿಷ್ ಪದವನ್ನು ಆರು ಪ್ರಯತ್ನದಲ್ಲಿ ಹಿಡಿಯಬೇಕು. ಜಾಶ್ ವಾರ್ಡಲ್ ಎಂಬ ಎಂಜಿನಿಯರ್ ತನ್ನ ಸಂಗಾತಿ ಆಡಲಿ ಎಂದು ಮಾಡಿದ ಈ ಆಟ 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಸಿಕ್ಕಿತು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು.

ಆಟ ಹೊಸದು, ಕೇಳುವ ಪ್ರಶ್ನೆ ಹಳೆಯದು. ಇಷ್ಟು ಅಕ್ಷರ, ಇಂಥ ಜಾಗದಲ್ಲಿ ಇಂಥ ಅಕ್ಷರ, ಪದ ಯಾವುದು? 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಇಂಗ್ಲಿಷ್ ಪದಬಂಧ ಹಾಕಿದಾಗಲೂ ಓದುಗರು ಇದನ್ನೇ ಕೇಳಿಕೊಂಡರು. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರೂ ಮಕ್ಕಳ ವರ್ಕ್‌ಶೀಟಿನ ಮುಂದೆ ಕೂತ ಅಪ್ಪ ಅಮ್ಮಂದಿರೂ ಕೇಳಿಕೊಳ್ಳುವುದು ಇದನ್ನೇ.

ನಮ್ಮಲ್ಲಿ ಹೆಚ್ಚಿನವರು ಪದವನ್ನು ಕಿವಿಯಿಂದ ಹುಡುಕುತ್ತೇವೆ. ಸದ್ದು ನೆನಪಿಗೆ ಬರುತ್ತದೆ, ಆಮೇಲೆ ಅಕ್ಷರ ಲೆಕ್ಕ ಹಾಕುತ್ತೇವೆ. ಈ ಆಟಗಳಲ್ಲಿ ಹುಡುಕಬೇಕಾದ್ದು ಜಾಗದಿಂದ. ಯಾವ ಮನೆಯಲ್ಲಿ ಯಾವ ಅಕ್ಷರ ಕೂರಬಲ್ಲದು, ಅದರ ಪಕ್ಕ ಯಾವುದು ಕೂರಬಲ್ಲದು ಅನ್ನುವುದು ಗೊತ್ತಿದ್ದರೆ ಕಡಿಮೆ ಶಬ್ದಸಂಪತ್ತು ಇದ್ದವರೂ ಚೆನ್ನಾಗಿ ಆಡುತ್ತಾರೆ.

ಬರೆಯುವ ಕ್ರಮ ಒಂದು ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ, ನಡುವೆ ಗೆರೆ ಹಾಕಿ ಬರೆದಿದ್ದೇನೆ. ಖಾಲಿ ಮನೆಗೆ ಪ್ರಶ್ನೆ ಚಿಹ್ನೆ. ಹಾಗಾಗಿ ?-ಆರ್-?-?-? ಅಂದರೆ ಐದು ಮನೆ, ಎರಡನೆಯದರಲ್ಲಿ ಆರ್. ಎಲ್ಲರಿಗೂ ಗೊತ್ತಿರುವ ಪದವಾದರೆ ಸುಮ್ನೆ ಸದ್ದನ್ನು ಮಾತ್ರ ಬರೆದಿದ್ದೇನೆ.

ಮೊದಲ ಹೆಜ್ಜೆ: ಸುಳಿವುಗಳನ್ನು ಮೂರು ಸಾಲಾಗಿ ಬರೆಯಿರಿ

ತಲೆಯಲ್ಲೇ ಆಡಬೇಡಿ. ಕಾಗದ ಇಲ್ಲದಿದ್ದರೆ ಮೊಬೈಲಿನ ನೋಟ್ಸ್ ಸಾಕು. ಮೊದಲ ಸಾಲಿನಲ್ಲಿ ಜಾಗ ಖಚಿತವಾದ ಅಕ್ಷರಗಳು, ವರ್ಡಲ್‌ನಲ್ಲಿ ಹಸಿರು. ಎರಡನೆಯದರಲ್ಲಿ, ಪದದಲ್ಲಿ ಇದೆ ಆದರೆ ಇಂಥ ಮನೆಯಲ್ಲಿಲ್ಲ ಎಂದು ಗೊತ್ತಾದವು, ಅಂದರೆ ಹಳದಿ. ಮೂರನೆಯದರಲ್ಲಿ ಇಲ್ಲವೇ ಇಲ್ಲದವು, ಅಂದರೆ ಬೂದು. ಎರಡನೇ ಸಾಲನ್ನು ಬರೆಯುವಾಗ ‘ಪಿ ಇದೆ’ ಎಂದಷ್ಟೇ ಬರೆಯಬೇಡಿ, ‘ಪಿ ಇದೆ, ಎರಡನೇ ಮನೆಯಲ್ಲಲ್ಲ’ ಎಂದು ಬರೆಯಿರಿ. ಆ ಎರಡನೇ ಅರ್ಧವೇ ಮುಂದೆ ಅರ್ಧ ಪಟ್ಟಿಯನ್ನು ಅಳಿಸುತ್ತದೆ.

ಮೂರನೇ ಸಾಲಿನಲ್ಲಿ ಒಂದು ಹೊಂಡ ಇದೆ. ಉತ್ತರ ಲೆಮನ್ ಅಂದುಕೊಳ್ಳಿ, ಎಲ್-ಇ-ಎಂ-ಓ-ಎನ್. ನೀವು ಲೆವೆಲ್ ಹಾಕಿದಿರಿ, ಎಲ್-ಇ-ವಿ-ಇ-ಎಲ್. ಮೊದಲ ಎಲ್ ಮತ್ತು ಮೊದಲ ಇ ಹಸಿರಾಗುತ್ತವೆ. ನಾಲ್ಕನೆಯ ಇ, ಐದನೆಯ ಎಲ್ ಬೂದಾಗುತ್ತವೆ. ಬೂದು ಕಂಡ ಕೂಡಲೇ ‘ಇ ಇಲ್ಲ, ಎಲ್ ಇಲ್ಲ’ ಎಂದು ಬರೆದರೆ ಕೆಟ್ಟಿತು. ಇಲ್ಲಿ ಬೂದು ಹೇಳುತ್ತಿರುವುದು ಎರಡನೆಯ ಇ ಇಲ್ಲ, ಎರಡನೆಯ ಎಲ್ ಇಲ್ಲ ಎಂದು ಮಾತ್ರ.

ಎರಡನೇ ಹೆಜ್ಜೆ: ಸ್ವರ ಎಲ್ಲಿ ಕೂತಿದೆ ನೋಡಿ

ಕನ್ನಡ ಪದಬಂಧ ಬಿಡಿಸಿ ಬೆಳೆದವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ನಮ್ಮ ಪದಬಂಧದಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಒಂದೇ ಮನೆ. ಸ್ಟ್ರಾಂಗ್ ಎಂದು ಬರೆದರೆ ಎರಡು ಮನೆಯಲ್ಲಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಆರು ಮನೆ ಬೇಕು. ಸ್ವರಕ್ಕೂ ಬೇರೆ ಮನೆ, ವ್ಯಂಜನಕ್ಕೂ ಬೇರೆ ಮನೆ.

ಐದಕ್ಷರದ ಪದಗಳಲ್ಲಿ ಸಾಮಾನ್ಯವಾಗಿ ಸ್ವರ ಒಂದೋ ಎರಡೋ ಇರುತ್ತವೆ. ಅವು ಕೂರುವ ಕ್ರಮ ಕೆಲವೇ. ಎರಡು ವ್ಯಂಜನ, ಸ್ವರ, ವ್ಯಂಜನ, ಕೊನೆಗೆ ಇ: ಸ್ಟೋನ್, ಪ್ರೈಸ್, ಪ್ಲೇಟ್. ವ್ಯಂಜನ ಸ್ವರ ಒಂದಾದಮೇಲೊಂದು: ಲೆಮನ್, ಟೈಗರ್, ರೋಬಾಟ್. ನಡುವೆ ಒಂದೇ ಸ್ವರ, ಎರಡೂ ಕಡೆ ಜೋಡಿ ವ್ಯಂಜನ: ಟ್ರಸ್ಟ್, ಪ್ಲಾಂಟ್, ಬ್ರಶ್. ಜೋಡಿ ಸ್ವರ ನಡುವೆ: ಬೀಚ್, ಬ್ರೆಡ್, ಟ್ರೇನ್, ಕೋಚ್. ಸ್ವರದಿಂದಲೇ ಶುರು: ಅಬೌಟ್, ಆಕ್ಟರ್, ಅಂಡರ್. ಇವಿಷ್ಟು ಅಚ್ಚು ಕಣ್ಣಿಗೆ ಕೂತರೆ ಖಾಲಿ ಮನೆ ನೋಡಿದ ಕೂಡಲೇ ಸ್ವರ ಎಲ್ಲಿರಬೇಕು ಎಂದು ಗೊತ್ತಾಗುತ್ತದೆ.

ಜೋಡಿ ಸ್ವರಗಳಲ್ಲಿ ಮೊದಲು ಪರೀಕ್ಷಿಸಬೇಕಾದವು ಇ-ಎ, ಓ-ಯು, ಎ-ಐ, ಓ-ಎ, ಇ-ಇ, ಓ-ಓ. ಎ-ಎ, ಯು-ಯು ಬಹಳ ಅಪರೂಪ. ಐದೂ ಸ್ವರ ಬೂದಾದರೆ ಹೆದರಬೇಡಿ, ವೈ ಇದೆ. ನಿಂಫ್, ಲಿಂಫ್, ಕ್ರಿಪ್ಟ್, ಪಿಗ್ಮಿ, ಜಿಪ್ಸಿ ಎಲ್ಲ ವೈ ಒಂದರ ಮೇಲೆ ನಿಂತ ಪದಗಳು.

ಮೊದಲ ಊಹೆಗೆ ನಾಲ್ಕು ಸ್ವರ ಇರುವ ಅಡ್ಯೂ ಎಂಬ ಪದವನ್ನು ಹಾಕುವವರು ಬಹಳ ಜನ ಇದ್ದಾರೆ. ಎ-ಡಿ-ಐ-ಇ-ಯು. ನನಗೆ ಅದು ಒಪ್ಪಿಗೆ ಇಲ್ಲ. ಸ್ವರ ಯಾವುದು ಎಂದು ಗೊತ್ತಾದರೂ ಪಟ್ಟಿ ಅಷ್ಟು ಚಿಕ್ಕದಾಗುವುದಿಲ್ಲ. ಪದಗಳನ್ನು ಬೇರೆ ಮಾಡುವುದು ವ್ಯಂಜನಗಳು. ಆರ್, ಎಸ್, ಟಿ, ಎಲ್, ಎನ್ ಇವುಗಳಲ್ಲಿ ಮೂರು, ಜತೆಗೆ ಎ ಮತ್ತು ಇ ಇರುವ ಪದ ಒಳ್ಳೆಯದು. ಕ್ರೇನ್, ಸ್ಲೇಟ್ ಹೆಸರು ಮಾಡಿರುವುದು ಇದಕ್ಕೇ. ಕ್ರೇನಿನಲ್ಲಿ ಇರುವುದು ಎರಡೇ, ಆದರೂ ಸಿ ಚೆನ್ನಾಗಿ ಕೆಲಸ ಮಾಡುತ್ತದೆ.

ಊರಿನ ಹೆಸರು ಹಾಕಬಹುದಾ ಎಂದು ಮಕ್ಕಳು ಕೇಳುತ್ತಾರೆ. ದಾದರ್, ಕುರ್ಲಾ, ವಾಶಿ ಎಲ್ಲ ಇಂಗ್ಲಿಷಿನಲ್ಲಿ ಐದಕ್ಷರವೇ, ಆದರೆ ಹೆಸರುಗಳು ನಡೆಯುವುದಿಲ್ಲ. ಥಾಣೆ ಮಾತ್ರ ನಡೆಯುತ್ತದೆ! ಟಿ-ಹೆಚ್-ಎ-ಎನ್-ಇ ಎಂದರೆ ಹಿಂದೆ ಸ್ಕಾಟ್ಲೆಂಡಿನಲ್ಲಿ ಜಹಗೀರುದಾರನಿಗೆ ಇದ್ದ ಬಿರುದು, ಓದುವುದು ಥೇನ್ ಎಂದು. ಐದೂ ಚೆನ್ನಾಗಿ ಓಡುವ ಅಕ್ಷರಗಳು, ಮೊದಲ ಊಹೆಗೆ ಏನೂ ಮೋಸ ಇಲ್ಲ. ಗೋವಾ ಕೂಡ ಸ್ಕ್ರ್ಯಾಬಲ್‌ನಲ್ಲಿ ನಡೆಯುತ್ತದೆ, ಜಿ-ಓ-ಎ ಅಂದರೆ ಟಿಬೆಟಿನ ಕಡೆಯ ಒಂದು ಜಿಂಕೆ ಜಾತಿ.

ಮೂರನೇ ಹೆಜ್ಜೆ: ಕಿವಿಗೆ ಮೋಸ ಮಾಡುವ ಅಕ್ಷರಗಳು

ಕನ್ನಡಿಗರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಹೆಜ್ಜೆ ಇದು. ನಾವು ಬರೆದಂತೆ ಓದುವವರು, ಓದಿದಂತೆ ಬರೆಯುವವರು. ಅದಕ್ಕೇ ಪದ ಗೊತ್ತಿದ್ದೂ ಅಕ್ಷರ ತಪ್ಪುತ್ತದೆ. ಒಂದೊಂದು ಸದ್ದಿಗೆ ಯಾವ ಯಾವ ಅಕ್ಷರ ಬರಬಹುದು ಎಂದು ಒಂದು ಪಟ್ಟಿ ಮಾಡಿಕೊಂಡರೆ ಹುಡುಕಾಟ ಬೇಗ ಮುಗಿಯುತ್ತದೆ.

ಕ ಸದ್ದು. ಸಿ, ಕೆ, ಕ್ಯೂ ಮೂರೂ ಸಾಧ್ಯ. ಕೋರಸ್, ಸಂಗೀತದ ಕಾರ್ಡ್ ಥರದ ಪದಗಳಲ್ಲಿ ಸಿ-ಹೆಚ್ ಕೂಡ ಕ ಆಗುತ್ತದೆ. ಕೊನೆಯಲ್ಲಿ ಕ್ ಕೇಳಿಸಿದರೆ ಹಿಂದಿನ ಸ್ವರ ನೋಡಿ. ಗಿಡ್ಡ ಸ್ವರವಾದರೆ ಸಿ-ಕೆ: ಬ್ಲ್ಯಾಕ್, ಬ್ರಿಕ್, ಕ್ಲಾಕ್. ಉದ್ದ ಸ್ವರವಾದರೆ ಕೆ ಅಥವಾ ಕೆ-ಇ: ಸ್ಪೀಕ್, ಬ್ರೇಕ್, ಸ್ಮೋಕ್. ಬರೀ ಸಿ ಕೊನೆಗೆ ಬಂದರೆ ಅದರ ಹಿಂದೆ ಹೆಚ್ಚಾಗಿ ಐ ಇರುತ್ತದೆ: ಮ್ಯೂಸಿಕ್, ಟಾಪಿಕ್, ಮ್ಯಾಜಿಕ್, ಪ್ಯಾನಿಕ್.

ಜ ಸದ್ದು. ನಮಗೆ ಜೆ, ಜಿ, ಝಡ್ ಮೂರೂ ಒಂದೇ ಥರ ಕೇಳುತ್ತವೆ. ಪದದ ಕೊನೆಯಲ್ಲಿ ಝಡ್ ಅಲ್ಲದ ಜ್ ಬಂದರೆ ಜಿ-ಇ ಎಂದು ಕಣ್ಣು ಮುಚ್ಚಿ ಬರೆಯಬಹುದು: ಸ್ಟೇಜ್, ಜಡ್ಜ್, ಲಾಡ್ಜ್. ಜೆ ಅಕ್ಷರದಲ್ಲಿ ಮುಗಿಯುವುದು ರಾಜ್, ತಾಜ್ ಥರ ಹೊರಗಿನಿಂದ ಇಂಗ್ಲಿಷಿಗೆ ಹೋದ ಪದಗಳು ಮಾತ್ರ.

ವ ಸದ್ದು. ವಿ ಮತ್ತು ಡಬ್ಲ್ಯೂ ಎರಡನ್ನೂ ನಾವು ಒಂದೇ ವ ದಲ್ಲಿ ಮುಗಿಸುತ್ತೇವೆ. ಹಾಗಾಗಿ ಒಂದು ಬೂದಾದರೆ ಇನ್ನೊಂದನ್ನು ಮರೆಯದೆ ಪರೀಕ್ಷಿಸಿ. ವಿ ಕೊನೆಯ ಮನೆಯಲ್ಲಿ ಒಂಟಿಯಾಗಿ ಕೂರುವುದು ಬಹಳ ಕಡಿಮೆ, ಅದರ ಹಿಂದೆ ಇ ಬೇಕು: ಬ್ರೇವ್, ಗ್ಲವ್, ಸಾಲ್ವ್, ಕರ್ವ್. ಡಬ್ಲ್ಯೂ ಕೊನೆಗೆ ಆರಾಮಾಗಿ ಕೂರುತ್ತದೆ, ಆದರೆ ಕಿವಿಗೆ ಬೀಳುವುದಿಲ್ಲ: ಎಲ್ಬೋ, ವಿಡೋ, ಅಲೌ.

ಫ ಸದ್ದಿಗೆ ಎಫ್, ಪಿ-ಹೆಚ್, ಜಿ-ಹೆಚ್. ಫೋಟೋ, ಗ್ರಾಫ್, ಲಾಫ್ ನೆನಪಿಡಿ. ಓ-ಯು-ಜಿ-ಹೆಚ್ ಬಾಲ ಇರುವವು ಇನ್ನೂ ಚೇಷ್ಟೆ. ಕಾಫ್, ರಫ್, ಟಫ್, ಡೋ, ಬೌ. ಐದೂ ಒಂದೇ ಬಾಲ, ಮೊದಲ ಅಕ್ಷರ ಮಾತ್ರ ಬೇರೆ. ಕೆಮ್ಮು, ಒರಟು, ಗಟ್ಟಿ, ಹಿಟ್ಟಿನ ಕಣಕ, ಮರದ ಕೊಂಬೆ ಎಂದು ಅರ್ಥ. ಕಿವಿಯಿಂದ ಹುಡುಕುವವರಿಗೆ ಇವು ಒಂದೇ ಮನೆಯವು ಎಂದು ಹೊಳೆಯುವುದೇ ಇಲ್ಲ.

ಸ ಸದ್ದಿಗೆ ಎಸ್ ಅಥವಾ ಸಿ. ಸಿ ಆದರೆ ಅದರ ಮುಂದೆ ಇ, ಐ, ವೈ ಮೂರರಲ್ಲಿ ಒಂದು ಇರಲೇಬೇಕು: ಫೆನ್ಸ್, ಸಿಗಾರ್, ಸೈಕಲ್. ಕೊನೆಯ ಅರ್ ಸದ್ದಿಗೆ ಇ-ಆರ್, ಓ-ಆರ್, ಎ-ಆರ್ ಮೂರನ್ನೂ ನೋಡಿ: ಟೈಗರ್, ಮೋಟರ್, ಶುಗರ್. ಮೊದಲು ಇ-ಆರ್ ಹಾಕಿ, ಅದೇ ಜಾಸ್ತಿ.

ಸದ್ದೇ ಮಾಡದೆ ಕೂರುವವು ಬೇರೆ. ನ ಸದ್ದಿನ ಹಿಂದೆ ಕೆ: ನೈಫ್, ನಾಕ್, ನೀಲ್. ರ ಸದ್ದಿನ ಹಿಂದೆ ಡಬ್ಲ್ಯೂ: ರೈಟ್, ರಾಂಗ್, ರಿಸ್ಟ್. ಮ ಮುಂದೆ ಬಿ: ಥಂಬ್, ಕ್ಲೈಮ್. ಬೆಟ್ಟ ಹತ್ತುವ ಈ ಕ್ಲೈಮ್‌ನಲ್ಲಿ ಬಿ ಇದೆ, ಇನ್ಶೂರೆನ್ಸಿನ ಕ್ಲೇಮ್‌ನಲ್ಲಿ ಇಲ್ಲ.

ಇನ್ನು ಹೆಚ್. ಇದು ಲೋಕಲ್ ಟ್ರೇನಿನ ನಾಲ್ಕನೇ ಸೀಟಿನವನ ಹಾಗೆ. ಮೂರು ಜನ ಕೂರುವ ಬೆಂಚಿನಲ್ಲಿ ಯಾರಾದರೂ ಸ್ವಲ್ಪ ಸರಿದು ಕೊಟ್ಟರೆ ತುದಿಯಲ್ಲಿ ಕೂರುತ್ತಾನೆ. ಹೆಚ್ ಮೊದಲ ಮನೆಯಲ್ಲಿ ಸಿಗದಿದ್ದರೆ ಯಾರು ಸರಿದು ಕೊಟ್ಟಿರಬಹುದು ಎಂದು ನೋಡಿ. ಸಿ, ಎಸ್, ಟಿ, ಪಿ, ಡಬ್ಲ್ಯೂ, ಜಿ ಇವು ಸಾಮಾನ್ಯವಾಗಿ ಕೊಡುತ್ತವೆ. ಆರ್ ಅಪರೂಪಕ್ಕೆ, ರೈನೋ ಮತ್ತು ರೈಮ್‌ನಲ್ಲಿ. ಕೆ ಕೊಟ್ಟಿದ್ದು ಖಾಕಿಯಲ್ಲಿ, ಅದು ನಮ್ಮ ಕಡೆಯಿಂದ ಹೋದದ್ದೇ ಅಲ್ವಾ.

ಕ್ಯೂ ಪಕ್ಕದಲ್ಲಿ ಯು ಇರುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ನಿಜವೇ, ಆದರೆ ಬುರ್ಖಾ, ನಿಖಾಬ್, ಫಕೀರ್, ತಲಾಖ್ ಇವು ಇಂಗ್ಲಿಷ್ ನಿಘಂಟಿನಲ್ಲಿ ಕ್ಯೂ ಇಟ್ಟುಕೊಂಡು, ಪಕ್ಕದಲ್ಲಿ ಯು ಇಲ್ಲದೆ ಇವೆ. ಎಲ್ಲವೂ ಐದಕ್ಷರ.

ನಾಲ್ಕನೇ ಹೆಜ್ಜೆ: ತಲೆ ಮತ್ತು ಬಾಲ

ಇದನ್ನು ಬೇಗ ಮುಗಿಸೋಣ. ವರ್ಡಲ್ ಉತ್ತರಗಳಲ್ಲಿ ಮೊದಲ ಮನೆಯಲ್ಲಿ ಅತಿ ಹೆಚ್ಚು ಸಿಗುವುದು ಎಸ್. ಕೊನೆಯ ಮನೆಯಲ್ಲಿ ಇ, ಅದರ ನಂತರ ವೈ. ಬಾಲವಾಗಿ ಇ-ಆರ್, ಎಲ್-ವೈ, ಟಿ-ವೈ, ಸಿ-ಹೆಚ್, ಎಸ್-ಹೆಚ್, ಟಿ-ಹೆಚ್, ಸಿ-ಕೆ, ಎಸ್-ಟಿ ಇವನ್ನು ಮೊದಲು ಕೂರಿಸಿ ನೋಡಿ. ಬಹುವಚನದ ಎಸ್ ಬಗ್ಗೆ ಎಚ್ಚರ. ನಾಲ್ಕಕ್ಷರದ ಪದಕ್ಕೆ ಎಸ್ ಸೇರಿಸಿದ್ದು ಊಹೆಯಾಗಿ ನಡೆಯುತ್ತದೆ, ಉತ್ತರವಾಗಿ ಸಾಮಾನ್ಯವಾಗಿ ಬರುವುದಿಲ್ಲ. ಮೊದಲು ಆ ಆಟದಲ್ಲಿ ಉತ್ತರಗಳ ಪಟ್ಟಿ ಇದ್ದದ್ದು ಸುಮಾರು 2,300 ಪದಗಳದ್ದು, ಊಹೆಗೆ ಒಪ್ಪುವ ಪದಗಳು ಸುಮಾರು 13,000. ಅಂದರೆ ಉತ್ತರ ಯಾವಾಗಲೂ ಬಳಕೆಯ ಪದವೇ. ವಿಚಿತ್ರ ಪದ ಹೊಳೆದರೆ ಅದು ಉತ್ತರ ಇರಲಿಕ್ಕಿಲ್ಲ.

ಐದನೇ ಹೆಜ್ಜೆ: ಒಂದು ಲೆಕ್ಕ ಪೂರ್ತಿ ಬಿಡಿಸೋಣ

ಮೊದಲ ಊಹೆ ಕ್ರೇನ್. ಆರ್ ಹಸಿರು. ಸಿ, ಎ, ಎನ್, ಇ ನಾಲ್ಕೂ ಬೂದು. ಕೈಯಲ್ಲಿ ಉಳಿದದ್ದು ?-ಆರ್-?-?-?.

ಗಾಬರಿಯಾಗಿ ಏನಾದರೂ ಹಾಕಬೇಡಿ. ಆರ್ ಎರಡನೇ ಮನೆಯಲ್ಲಿದ್ದರೆ ಮೊದಲ ಮನೆಗೆ ಬರಬಲ್ಲವರು ಯಾರು? ಬಿ, ಡಿ, ಎಫ್, ಜಿ, ಕೆ, ಪಿ, ಟಿ, ಡಬ್ಲ್ಯೂ. ಸಿ ಹೋಯಿತು. ಸ್ವರಗಳಲ್ಲಿ ಉಳಿದದ್ದು ಐ, ಓ, ಯು, ಜತೆಗೆ ವೈ. ಇಷ್ಟರಿಂದಲೇ ಪಟ್ಟಿ ಬರೆಯಬಹುದು. ಬಿ ಇಂದ ಬ್ರಿಸ್ಕ್, ಬ್ರಾತ್, ಬ್ರಶ್, ಬ್ರೂಮ್. ಡಿ ಇಂದ ಡ್ರಿಲ್, ಡ್ರಿಫ್ಟ್. ಎಫ್ ಇಂದ ಫ್ರಾಸ್ಟ್, ಫ್ರೂಟ್. ಜಿ ಇಂದ ಗ್ರಿಲ್, ಗ್ರೋಸ್, ಗ್ರೂಪ್. ಪಿ ಇಂದ ಪ್ರೂಫ್, ಪ್ರೌಡ್, ಪ್ರಾಕ್ಸಿ. ಟಿ ಇಂದ ಟ್ರಸ್ಟ್, ಟ್ರೂತ್, ಟ್ರೂಪ್. ಡಬ್ಲ್ಯೂ ಇಂದ ರಿಸ್ಟ್. ಸ್ವರದಿಂದ ಶುರುವಾಗುವ ಆರ್ಬಿಟ್ ಬಿಟ್ಟುಹೋಗುವ ಸಾಧ್ಯತೆ ಹೆಚ್ಚು, ಅದನ್ನೂ ಬರೆದುಕೊಳ್ಳಿ.

ಈಗ ಎರಡನೇ ಊಹೆ. ಇಲ್ಲಿ ಹೆಚ್ಚಿನವರು ಪಟ್ಟಿಯಲ್ಲಿನ ಒಂದು ಪದವನ್ನೇ ಹಾಕುತ್ತಾರೆ. ನಾನು ಹಾಕುವುದು ಸ್ಪೌಟ್, ಎಸ್-ಪಿ-ಓ-ಯು-ಟಿ. ಆರ್ ಇಲ್ಲದ ಪದ, ಉತ್ತರ ಆಗುವುದು ಸಾಧ್ಯವೇ ಇಲ್ಲ. ಬೇಕೆಂದೇ ಹಾಕಿದ್ದು. ಆರ್ ಎಲ್ಲಿದೆ ಎಂದು ಗೊತ್ತಾಗಿದೆ, ಅದನ್ನೇ ಮತ್ತೆ ಹಾಕಿ ಒಂದು ಮನೆ ವ್ಯರ್ಥ ಮಾಡುವುದು ಏಕೆ? ಈ ಪದದಿಂದ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದ ಐದು ಅಕ್ಷರಗಳ ಸುದ್ದಿ ಒಂದೇ ಸಲ ಸಿಗುತ್ತದೆ.

ಓ ಮತ್ತು ಯು ಹಸಿರಾದವು, ಪಿ ಹಳದಿ, ಎಸ್ ಮತ್ತು ಟಿ ಬೂದು ಎಂದುಕೊಳ್ಳಿ. ಈಗ ?-ಆರ್-ಓ-ಯು-?. ಪಿ ಇರಲೇಬೇಕು, ಎರಡನೇ ಮನೆಯಲ್ಲಲ್ಲ. ಮೊದಲ ಮನೆಯಲ್ಲಿದ್ದರೆ ಪ್ರೌಡ್, ಕೊನೆಯಲ್ಲಿದ್ದರೆ ಗ್ರೂಪ್. ಎರಡೇ ಉಳಿದವು. ಮೂರನೆಯದರಲ್ಲಿ ಬರದಿದ್ದರೆ ನಾಲ್ಕನೆಯದರಲ್ಲಿ ಗ್ಯಾರಂಟಿ.

ಹಾರ್ಡ್ ಮೋಡ್ ಹಾಕಿಕೊಂಡವರಿಗೆ ಈ ದಾರಿ ಇಲ್ಲ. ಅಲ್ಲಿ ಸಿಕ್ಕ ಅಕ್ಷರವನ್ನು ಪ್ರತಿ ಊಹೆಯಲ್ಲೂ ಬಳಸಲೇಬೇಕು. ಆಗ ಪಟ್ಟಿಯಿಂದಲೇ ಫ್ರಾಸ್ಟ್ ಥರದ, ಹೊಸ ಅಕ್ಷರ ಹೆಚ್ಚಿರುವ ಪದ ಆರಿಸಿ.

ಆರನೇ ಹೆಜ್ಜೆ: ಒಂದೇ ಬಾಲದ ಗುಂಪಿಗೆ ಸಿಕ್ಕಿಕೊಳ್ಳಬೇಡಿ

ನಾಲ್ಕು ಹಸಿರು ಬಂದಿದೆ, ಒಂದೇ ಬಾಕಿ ಎಂದು ಖುಷಿಪಡುವ ಹೊತ್ತಿಗೇ ಆಟ ಕೈಬಿಡುವುದು. ?-ಐ-ಜಿ-ಹೆಚ್-ಟಿ ನೋಡಿ. ಏಯ್ಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಒಂದೊಂದಾಗಿ ಹಾಕುತ್ತಾ ಹೋದರೆ ಆರು ಸಾಲು ಮುಗಿದೇ ಹೋಗುತ್ತದೆ. ಇಲ್ಲಿ ಫಿಲ್ಮ್ಸ್ ಹಾಕಿ, ಎಫ್-ಐ-ಎಲ್-ಎಂ-ಎಸ್. ಎಫ್, ಎಲ್, ಎಂ, ಎಸ್ ನಾಲ್ಕರ ಲೆಕ್ಕ ಒಂದೇ ಏಟಿಗೆ ಗೊತ್ತಾಗುತ್ತದೆ. ಒಂದಕ್ಕೆ ಬಣ್ಣ ಬಂದರೆ ಉತ್ತರ ಅದೇ. ಯಾವುದಕ್ಕೂ ಬರದಿದ್ದರೆ ಉಳಿದದ್ದು ನಾಲ್ಕು.

?-ಎ-ಟಿ-ಸಿ-ಹೆಚ್ ಇನ್ನೊಂದು. ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್. ಇದಕ್ಕೆ ಕ್ಲ್ಯಾಂಪ್, ಸಿ-ಎಲ್-ಎ-ಎಂ-ಪಿ. ಇದರಲ್ಲಿ ಒಂದು ಸೊಗಸು ಇದೆ. ಈ ಎಲ್ಲ ಪದಗಳಲ್ಲೂ ಸಿ ಇದ್ದೇ ಇದೆ, ಹಾಗಾಗಿ ಸಿ ಹೇಗೂ ಹಳದಿ. ಅದು ಹಸಿರಾದರೆ ಮಾತ್ರ ಉತ್ತರ ಕ್ಯಾಚ್. ಎಲ್, ಎಂ, ಪಿ ಗಳಲ್ಲಿ ಬಣ್ಣ ಬಂದರೆ ಆ ಪದ. ಏನೂ ಇಲ್ಲದಿದ್ದರೆ ಬ್ಯಾಚ್, ಹ್ಯಾಚ್, ವಾಚ್ ಮೂರೇ. ಓ-ಯು-ಎನ್-ಡಿ ಬಾಲದವು (ಬೌಂಡ್, ಫೌಂಡ್, ಪೌಂಡ್, ರೌಂಡ್, ಸೌಂಡ್), ಎಸ್-ಹೆಚ್-ಎ-?-ಇ ಅಚ್ಚಿನವು (ಶೇಡ್, ಶೇಕ್, ಶೇಮ್, ಶೇಪ್, ಶೇರ್, ಶೇವ್) ಇವಕ್ಕೂ ಇದೇ ಉಪಾಯ. ಇಂಥ ಗುಂಪುಗಳನ್ನು ಮೊದಲೇ ಗುರುತು ಹಿಡಿಯುವುದೇ ಅರ್ಧ ಆಟ.

ಏಳನೇ ಹೆಜ್ಜೆ: ಪದಬಂಧವಾದರೆ ಸುಳಿವಿನ ವ್ಯಾಕರಣ ನೋಡಿ

ಇಂಗ್ಲಿಷ್ ಪದಬಂಧದಲ್ಲಿ ಸುಳಿವು ಯಾವ ರೂಪದಲ್ಲಿದೆಯೋ ಉತ್ತರವೂ ಅದೇ ರೂಪದಲ್ಲಿರುತ್ತದೆ. ಸುಳಿವು ಭೂತಕಾಲದಲ್ಲಿದ್ದರೆ ಕೊನೆಗೆ ಇ-ಡಿ ಇರಬಹುದು. ಬಹುವಚನವಾದರೆ ಎಸ್. ‘ಅತಿ’ ಅನ್ನುವ ಅರ್ಥ ಇದ್ದರೆ ಇ-ಎಸ್-ಟಿ. ಉತ್ತರ ಗೊತ್ತಿಲ್ಲದಿದ್ದರೂ ಈ ಬಾಲಗಳನ್ನು ಪೆನ್ಸಿಲಿನಲ್ಲಿ ಬರೆದುಬಿಡಿ. ಅಡ್ಡ ಹೋಗುವ ಪದಕ್ಕೆ ಒಂದು ಅಕ್ಷರ ಪುಕ್ಕಟೆ ಸಿಕ್ಕಿತು. ಬ್ರಿಟಿಷ್ ಶೈಲಿಯ ಬಂಧದಲ್ಲಿ ಸುಳಿವಿನ ಕೊನೆಗೆ ಅಕ್ಷರಗಳ ಸಂಖ್ಯೆ ಕೊಡುತ್ತಾರೆ. ಅಲ್ಲಿ 7,3 ಎಂದಿದ್ದರೆ ಏಳಕ್ಷರದ ಒಂದು, ಮೂರಕ್ಷರದ ಒಂದು, ಒಟ್ಟು ಎರಡು ಪದ.

ಕಾಗುಣಿತ ಯಾವ ದೇಶದ್ದು ಎನ್ನುವುದೂ ಮುಖ್ಯ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಕಾಗುಣಿತ. ಕಲರ್, ಹ್ಯೂಮರ್, ಫೇವರ್ ನಮಗೆ ಆರಕ್ಷರ, ಅಮೆರಿಕದವರಿಗೆ ಯು ಇಲ್ಲದೆ ಐದು. 2022ರಲ್ಲಿ ವರ್ಡಲ್ ಉತ್ತರವಾಗಿ ಹ್ಯೂಮರ್ ಮತ್ತು ಫೇವರ್ ಬಂದಾಗ ಬ್ರಿಟನ್ನಿನ ಆಟಗಾರರು ಸಿಟ್ಟಾಗಿದ್ದರು. ಫೈಬರ್, ಮೀಟರ್ ಎರಡರಲ್ಲೂ ಅಕ್ಷರ ಅವೇ, ಆದರೆ ಕೊನೆಯ ಎರಡು ಜಾಗ ಬದಲಾಯಿಸಿಕೊಳ್ಳುತ್ತವೆ. ನಮ್ಮದು ಆರ್-ಇ, ಅವರದು ಇ-ಆರ್. ಪಂದ್ಯ ಯಾರದ್ದು ಎಂದು ಮೊದಲೇ ನೋಡಿಕೊಳ್ಳಿ.

ಎಂಟನೇ ಹೆಜ್ಜೆ: ಜಾಗವೇ ಗೊತ್ತಿಲ್ಲದಿದ್ದಾಗ

ಸ್ಕ್ರ್ಯಾಬಲ್‌ನಲ್ಲಿ ಲೆಕ್ಕ ತಲೆಕೆಳಗು. ಅಕ್ಷರ ಕೈಯಲ್ಲಿದೆ, ಜಾಗ ನೀವೇ ಹುಡುಕಬೇಕು. 1930ರ ದಶಕದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಈ ಆಟ ಕಟ್ಟಿದ. ಅದಕ್ಕೇ 100 ಬಿಲ್ಲೆಗಳಲ್ಲಿ ಇ 12 ಇವೆ, ಎ ಮತ್ತು ಐ ಒಂಬತ್ತೊಂಬತ್ತು, ಓ ಎಂಟು. ಕ್ಯೂ, ಝಡ್ ಒಂದೊಂದೇ, ತಲಾ 10 ಅಂಕ. ಎಸ್ ಮಾತ್ರ ನಾಲ್ಕೇ ಇಟ್ಟ, ಎಲ್ಲದಕ್ಕೂ ಎಸ್ ಸೇರಿಸಿ ಸುಲಭಕ್ಕೆ ಅಂಕ ತೆಗೆಯಬಾರದು ಎಂದು. ಎಸ್ ಕೈಗೆ ಬಂದರೆ ಕೂಡಲೇ ಖರ್ಚು ಮಾಡಬೇಡಿ.

ಏಳು ಬಿಲ್ಲೆ ಸಾಲಾಗಿ ಇಟ್ಟರೆ ಕಣ್ಣು ಅದೇ ಕ್ರಮಕ್ಕೆ ಅಂಟಿಕೊಳ್ಳುತ್ತದೆ. ಸುತ್ತಲೂ ವೃತ್ತದಲ್ಲಿ ಇಟ್ಟುಕೊಳ್ಳಿ. ಐ-ಎನ್-ಜಿ, ಇ-ಡಿ, ಇ-ಆರ್, ಆರ್-ಇ, ಯು-ಎನ್ ಇದ್ದರೆ ಬೇರೆ ತೆಗೆದು ಬದಿಗಿಡಿ, ಉಳಿದ ನಾಲ್ಕೈದರಲ್ಲಿ ಪದ ಹುಡುಕಿ. ಎ, ಇ, ಐ, ಎನ್, ಆರ್, ಎಸ್, ಟಿ ಸಿಕ್ಕರೆ ಹಬ್ಬ: ರಿಟೇನ್ಸ್, ರೆಟಿನಾಸ್, ನ್ಯಾಸ್ಟಿಯರ್, ಸ್ಟೇನರ್ ನಾಲ್ಕೂ ಅದರಿಂದಲೇ ಬರುತ್ತವೆ. ಏಳನ್ನೂ ಒಟ್ಟಿಗೆ ಇಟ್ಟರೆ 50 ಅಂಕ ಹೆಚ್ಚುವರಿ.

ಎರಡಕ್ಷರದ ಪದಗಳ ಪಟ್ಟಿ ಬಾಯಿಪಾಠ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಕ್ಯೂ-ಐ ಮತ್ತು ಝಡ್-ಎ ಎರಡರಿಂದ ಶುರು ಮಾಡಿ. ಆಮೇಲೆ ನಮ್ಮ ಅಡುಗೆಮನೆ, ಬೀದಿಯ ಪದಗಳು. ರೋಟಿ, ದಾಲ್, ನಾನ್, ಘೀ, ರಾಯಿತಾ, ಧೋತಿ, ಧೋಬಿ, ಲಾಖ್, ಕ್ರೋರ್ ಎಲ್ಲ ಇಂಗ್ಲಿಷ್ ನಿಘಂಟಿಗೆ ಸೇರಿಹೋಗಿವೆ. ಮಹಾಲಕ್ಷ್ಮಿಯ ಧೋಬಿ ಘಾಟ್ ಬದಿಯಲ್ಲಿ ಓಡಾಡುವವರು ಡಿ-ಹೆಚ್-ಓ-ಬಿ-ಐ ಮರೆಯಬಾರದು. ವಡಾ, ಪಾವ್ ಇಡುವ ಮೊದಲು ಮಾತ್ರ ಯಾವ ನಿಘಂಟು ಎಂದು ಎದುರಾಳಿಯ ಜತೆ ಮಾತಾಡಿಕೊಳ್ಳಿ. ಇಲ್ಲದಿದ್ದರೆ ಆಟಕ್ಕಿಂತ ಜಗಳವೇ ಜಾಸ್ತಿ ಹೊತ್ತು ನಡೆಯುತ್ತದೆ.

ಒಂಬತ್ತನೇ ಹೆಜ್ಜೆ: ಯಂತ್ರದ ಸಹಾಯ

ದಿನದ ಆಟಕ್ಕೆ ಮೊದಲೇ ಯಂತ್ರ ಬಳಸಿದರೆ ಆಡುವುದು ಯಾಕೆ? ಆಟ ಮುಗಿದ ಮೇಲೆ ‘ಇನ್ನು ಯಾವ ಪದ ಇತ್ತು’ ಎಂದು ನೋಡುವುದಕ್ಕೆ ಮಾತ್ರ ಬಹಳ ಒಳ್ಳೆಯದು. ಕಲಿಯುವುದು ಆಗಲೇ.

ಸುಲಭದ್ದು ಒನ್‌ಲುಕ್ ಎಂಬ ನಿಘಂಟು ಹುಡುಕಾಟದ ತಾಣ. ಅಲ್ಲಿ ಒಂದು ಪ್ರಶ್ನೆ ಚಿಹ್ನೆ ಅಂದರೆ ಯಾವುದಾದರೂ ಒಂದು ಅಕ್ಷರ, ನಕ್ಷತ್ರ ಚಿಹ್ನೆ ಅಂದರೆ ಎಷ್ಟಾದರೂ ಅಕ್ಷರ. ಈ ಲೇಖನದಲ್ಲಿ ಬರೆದ ಅಚ್ಚುಗಳನ್ನೇ ನಡುವಿನ ಗೆರೆ ತೆಗೆದು, ಇಂಗ್ಲಿಷ್ ಅಕ್ಷರ ಹಾಕಿ ಕೊಡಬಹುದು. ಅಚ್ಚಿನ ಮುಂದೆ ಕೋಲನ್ ಹಾಕಿ ಒಂದು ಅರ್ಥವನ್ನೂ ಬರೆದರೆ, ಆ ಅಚ್ಚಿಗೂ ಅರ್ಥಕ್ಕೂ ಹೊಂದುವ ಪದಗಳನ್ನು ಮುಂದೆ ತರುತ್ತದೆ. ಪದಬಂಧಕ್ಕೆ ಇದಕ್ಕಿಂತ ಬೇರೆ ಬೇಡ.

ಗೂಗಲ್ ಶೀಟ್ಸ್ ಗೊತ್ತಿದ್ದರೆ ನಿಮ್ಮದೇ ಯಂತ್ರ ಕಟ್ಟಿಕೊಳ್ಳಿ. ಮೊದಲ ಕಾಲಂನಲ್ಲಿ ಪದಗಳ ಪಟ್ಟಿ. ಎರಡನೆಯದರಲ್ಲಿ ಲೆನ್ ಫಂಕ್ಷನ್ ಹಾಕಿದರೆ ಪದದ ಉದ್ದ ಬರುತ್ತದೆ. ಮುಂದಿನ ಐದು ಕಾಲಂಗಳಲ್ಲಿ ಮಿಡ್ ಫಂಕ್ಷನ್‌ನಿಂದ ಒಂದನೇ ಅಕ್ಷರ, ಎರಡನೇ ಅಕ್ಷರ ಹೀಗೆ ಬಿಡಿಬಿಡಿಯಾಗಿ ತೆಗೆಯಿರಿ. ಆಮೇಲೆ ಫಿಲ್ಟರ್ ಹಾಕಿ. ಉದ್ದ 5, ಎರಡನೇ ಅಕ್ಷರದ ಕಾಲಂನಲ್ಲಿ ಆರ್ ಮಾತ್ರ ಟಿಕ್. ‘ಪಿ ಇದೆ, ಎರಡನೇ ಮನೆಯಲ್ಲಲ್ಲ’ ಎಂಬ ಹಳದಿ ಸುಳಿವಿಗೆ ಮೊದಲ ಕಾಲಂನಲ್ಲಿ ‘ಪಿ ಇರುವ ಪದ’ ಎಂದು ಆರಿಸಿ, ಎರಡನೇ ಅಕ್ಷರದ ಕಾಲಂನಲ್ಲಿ ಪಿ ಟಿಕ್ ತೆಗೆದುಬಿಡಿ. ಹತ್ತನೇ ಕ್ಲಾಸಿನ ಹುಡುಗರಿಗೆ ಸ್ಪ್ರೆಡ್‌ಶೀಟ್ ಕಲಿಸಲಿಕ್ಕೂ ಇದು ಒಳ್ಳೆಯ ನೆಪ.

ಕಂಪ್ಯೂಟರಿನಲ್ಲಿ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಲು ಹೆದರದವರಿಗೆ ಗ್ರೆಪ್ ಇದೆ, ಅಚ್ಚು ಕೊಟ್ಟರೆ ಅದಕ್ಕೆ ಹೊಂದುವ ಸಾಲುಗಳನ್ನು ಹುಡುಕಿ ಕೊಡುವ ಕಮಾಂಡ್. ಮ್ಯಾಕ್‌ನಲ್ಲಿ, ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ವರ್ಡ್ಸ್ ಎಂಬ ಹೆಸರಿನ ಪದಪಟ್ಟಿ ಡಿಕ್ಟ್ ಫೋಲ್ಡರಿನಲ್ಲಿ ಮೊದಲೇ ಇರುತ್ತದೆ. ಇಲ್ಲಿ ಪ್ರಶ್ನೆ ಚಿಹ್ನೆ ಬದಲು ಚುಕ್ಕೆ. ಸಾಲಿನ ಶುರುವಿಗೆ ^ ಚಿಹ್ನೆ, ಕೊನೆಗೆ $ ಚಿಹ್ನೆ. ಇವೆರಡನ್ನು ಬಿಟ್ಟರೆ ಐದಕ್ಷರದ ಬದಲು ಹತ್ತಕ್ಷರದ ಪದಗಳೂ ನುಗ್ಗುತ್ತವೆ. ಬೇಡದ ಅಕ್ಷರಗಳನ್ನು ಚೌಕ ಆವರಣದೊಳಗೆ, ಮೊದಲು ^ ಹಾಕಿ ಬರೆದರೆ ಆ ಮನೆಯಲ್ಲಿ ಅವು ಬರುವುದಿಲ್ಲ.

ಹತ್ತನೇ ಹೆಜ್ಜೆ: ನೋಟ್‌ಬುಕ್, ಆದರೆ ಅಕಾರಾದಿಯಲ್ಲಿ ಅಲ್ಲ

ಹಿಂದೆ ಮುಂಬಯಿಯ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ಇಂಗ್ಲಿಷ್ ಕಲಿತರು. ಹೊಸ ಪದಕ್ಕೆ ಎದುರಿಗೆ ಅರ್ಥ ಬರೆದುಕೊಳ್ಳುವ ಕ್ರಮ ಅವರಿಗೆ ಸರಿಯಾಗಿತ್ತು, ಗಿರಾಕಿ ಜತೆ ಮಾತಾಡಬೇಕಿತ್ತು. ಈ ಆಟಕ್ಕೆ ಆ ಕ್ರಮ ಸಾಲದು. ಇಲ್ಲಿ ಪುಟದ ತಲೆಯಲ್ಲಿ ಅಚ್ಚು ಬರೆಯಿರಿ. ಒಂದು ಪುಟಕ್ಕೆ ಓ-ಯು-ಜಿ-ಹೆಚ್ ಬಾಲ, ಇನ್ನೊಂದಕ್ಕೆ ವೈ ಮಾತ್ರ ಸ್ವರವಾದ ಪದಗಳು, ಮತ್ತೊಂದಕ್ಕೆ ಕೆ-ಎನ್ ತಲೆ. ಸೋತ ದಿನದ ಪದ ಯಾವ ಪುಟಕ್ಕೆ ಸೇರುತ್ತದೆ ನೋಡಿ ಅಲ್ಲಿ ಬರೆಯಿರಿ. ಯಾವ ಪುಟಕ್ಕೂ ಸೇರದಿದ್ದರೆ ಹೊಸ ಪುಟ. ಗೆದ್ದ ಪದ ಬರೆಯುವ ಅಗತ್ಯವಿಲ್ಲ, ಅದು ನಿಮಗೆ ಗೊತ್ತಿದ್ದದ್ದೇ.

ಅಭ್ಯಾಸಕ್ಕೆ ಮೂರು ಪ್ರಶ್ನೆ. ಒಂದು, ಕೆ-ಎನ್-ಓ-?-?, ಮೂರು ಪದ ಬರೆಯಿರಿ. ಎರಡು, ಎ, ಇ, ಐ, ಓ, ಯು ಒಂದೂ ಇಲ್ಲದ, ಹೆಚ್‌ನಲ್ಲಿ ಮುಗಿಯುವ ಐದಕ್ಷರದ ಪದಗಳು. ಮೂರು, ?-ಓ-?-ಇ-ಎಲ್, ಉಡುಪಿಯವರು ಮುಂಬಯಿಯಲ್ಲಿ ಹೆಸರು ಮಾಡಿದ ಉದ್ಯೋಗ.

ಮೊದಲನೆಯದಕ್ಕೆ ನಾಕ್, ನೋನ್, ನಾಲ್: ಕೆ-ಎನ್-ಓ-ಸಿ-ಕೆ, ಕೆ-ಎನ್-ಓ-ಡಬ್ಲ್ಯೂ-ಎನ್, ಕೆ-ಎನ್-ಓ-ಎಲ್-ಎಲ್. ಕೊನೆಯದಕ್ಕೆ ಚಿಕ್ಕ ಗುಡ್ಡ ಎಂದು ಅರ್ಥ. ಎರಡನೆಯದಕ್ಕೆ ನಿಂಫ್, ಲಿಂಫ್, ಸಿಲ್ಫ್, ಜತೆಗೆ ಎಂ-ವೈ-ಆರ್-ಆರ್-ಹೆಚ್ ಎಂದು ಬರೆಯುವ ಮರ್, ಅದು ಒಂದು ಸುಗಂಧದ ಅಂಟು. ಮೂರನೆಯದು ಹೋಟೆಲ್. ಎಂ-ಓ-ಟಿ-ಇ-ಎಲ್ ಎಂದು ಬರೆದಿದ್ದರೆ ಅರ್ಧ ಅಂಕ ಕೊಡಬಹುದು, ಅಚ್ಚಿಗೆ ಅದೂ ಹೊಂದುತ್ತದೆ.